ಮಾತಿಗೆ ಅಡ್ಡ ಬಂದ ವೈಫೈ

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಪಿತ್ತ ನೆತ್ತಿಗೇರುತ್ತದೆ. ಆ ಬೇಸಿಗೆಯಲ್ಲಿ ಆ ಮಾತನ್ನು ನನಗೆ ಹೇಳದವರೇ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಇಂಟರ್ನೆಟ್ ಎಳೆದುಕೊಟ್ಟ ಕೇಬಲ್‌ನವನು ತೆಲುಗಿನಲ್ಲಿ ಹೇಳಿದ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನು ಹಿಂದಿಯಲ್ಲಿ ಹೇಳಿದ, ನನ್ನ ಗಂಡ ಕನ್ನಡದಲ್ಲಿ ಹೇಳಿದ. ಮೂರು ಭಾಷೆಯಲ್ಲಿ ಒಂದೇ ಉಪದೇಶ ಕೇಳಿ ಕೇಳಿ ನನಗೆ ಸಾಕುಸಾಕಾಗಿತ್ತು.

ನಾನು ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಲಕ್ವಾ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ರಾಯಚೂರು, ಯಾದಗಿರಿ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೇ ಓಡಿ ಬರುತ್ತಾರೆ. ಆಪರೇಷನ್ ಮಾಡುವ ಡಾಕ್ಟರಿಗೆ ಭಾಷೆ ಬರದಿದ್ದರೂ ನಡೆಯುತ್ತದೆ, ಮಾತು ಕಲಿಸುವವರಿಗೆ ಬರದಿದ್ದರೆ ನಡೆಯುವುದಿಲ್ಲ. ನಮ್ಮ ವಿಭಾಗದಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ಕನ್ನಡದ ರೋಗಿಗಳೆಲ್ಲ ನನ್ನ ಪಾಲು. ಊರಿಗೆ ಹಿಂದಿರುಗಿದವರಿಗೆ ವಿಡಿಯೋದಲ್ಲಿ ಪಾಠ. ಅದಕ್ಕೆ ಆಸ್ಪತ್ರೆಯಲ್ಲಿ ಕೋಣೆ ಖಾಲಿ ಇಲ್ಲವೆಂದು ವಾರದಲ್ಲಿ ಕೆಲವು ದಿನ ಮನೆಯಿಂದಲೇ ಮಾಡಿ ಎಂದಿದ್ದರು. ನಮ್ಮ ಮನೆ ಕೂಕಟ್‌ಪಲ್ಲಿಯಲ್ಲಿ, ಮನೆಯಲ್ಲಿ ಗಂಡ, ಅತ್ತೆ, ನಾನು.

ಆಗ ನನ್ನ ರೋಗಿಗಳಲ್ಲಿ ಒಬ್ಬರು ರಾಯಚೂರಿನ ನಿವೃತ್ತ ಬಸ್ ಕಂಡಕ್ಟರ್. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಲಗೈ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಮಗೆ ಹೇಳಬೇಕಾದ್ದೂ ಗೊತ್ತಿತ್ತು, ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಆದರೆ ನಾನು "ರಾಯಚೂರು" ಎಂದು ಶುರು ಮಾಡಿದರೆ ಸಾಕು, ಕಲ್ಮಲಾ, ಕಲ್ಲೂರು, ಮಾನ್ವಿ, ಪೋತ್ನಾಳ ಎಂದು ಒಂದೇ ಉಸಿರಿಗೆ ಸಿಂಧನೂರು ಮುಟ್ಟಿಸಿಬಿಡುತ್ತಿದ್ದರು. ಜನ್ಮವೆಲ್ಲ ಕೂಗಿದ ಹೆಸರುಗಳು, ನಾಲಿಗೆ ತಾನೇ ಓಡುತ್ತಿತ್ತು. ಚಹಾದ ಕಪ್ಪು ತೋರಿಸಿ ಇದೇನು ಎಂದರೆ ಮಾತ್ರ ಬೆವರಿಳಿಯುತ್ತಿತ್ತು. ಲಕ್ವಾ ಹೊಡೆದ ಮೊದಲ ಕೆಲವು ತಿಂಗಳಲ್ಲಿ ಎಷ್ಟು ಮಾತು ಮರಳಿಸಿಕೊಳ್ಳುತ್ತೇವೋ ಅದೇ ದೊಡ್ಡದು, ಆಮೇಲೆ ಬರುವುದು ಬಹಳ ನಿಧಾನ. ಕಾಕಾನ ಆ ತಿಂಗಳುಗಳು ನಡೆಯುತ್ತಿದ್ದವು. ಅವನ್ನು ತಿಂದುಹಾಕುತ್ತಿದ್ದುದು ನನ್ನ ಮನೆಯ ವೈಫೈ.

ಆಸ್ಪತ್ರೆ ನಮಗೆಲ್ಲ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಕೊಟ್ಟಿತ್ತು. ಓಪನ್ ಸೋರ್ಸ್, ಯಾರು ಬೇಕಾದರೂ ಬಳಸಬಹುದು, ಒಳಗೆ ಇಣುಕಿ ತಿದ್ದಲೂಬಹುದು. ಚಿತ್ರ ತೋರಿಸಿ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವ ನಮ್ಮ ಥೆರಪಿ ಪ್ರೋಗ್ರಾಂ ಅದರಲ್ಲೇ ನಡೆಯುತ್ತಿತ್ತು. ಮೊಬೈಲಿನಲ್ಲಿ ಪಾಠ ಮಾಡಬಾರದಿತ್ತೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಚಿತ್ರ ತೋರಿಸಿದರೆ ನನ್ನ ಮುಖ ಕಾಣುವುದಿಲ್ಲ, ಮುಖ ತೋರಿಸಿದರೆ ಚಿತ್ರ ಕಾಣುವುದಿಲ್ಲ, ತುಟಿ ನೋಡದೆ ಈ ಪಾಠ ಆಗುವುದಿಲ್ಲ. ಮೊಬೈಲಿನ ಡೇಟಾವನ್ನೇ ಲ್ಯಾಪ್‌ಟಾಪಿಗೆ ಕೊಡೋಣವೆಂದರೆ ನನ್ನ ಕೋಣೆಯಲ್ಲಿ ಸಿಗ್ನಲ್ ಒಂದು ಕಡ್ಡಿ, ಬಾಲ್ಕನಿಗೆ ಹೋದರೆ ಆಟೋಗಳ ಹಾರ್ನು. ವಯರ್ ಚುಚ್ಚೋಣವೆಂದರೆ ಆ ತೆಳ್ಳನೆಯ ಲ್ಯಾಪ್‌ಟಾಪಿಗೆ ಅದರ ತೂತೇ ಇಲ್ಲ. ವಯರ್ ಸಿಕ್ಕಿಸುವ ಅಡಾಪ್ಟರ್ ತರಿಸಿದೆ, ಅದನ್ನು ಲ್ಯಾಪ್‌ಟಾಪ್ ಗುರುತೇ ಹಿಡಿಯಲಿಲ್ಲ. ಎಲ್ಲ ಮಾಡಿ ನೋಡಿದ್ದೆ.

ಶುರುವಿನಲ್ಲಿ ಇದ್ದದ್ದು ತಡವರಿಕೆ ಅಷ್ಟೇ. ಪಾಠ ನಡೆಯುತ್ತಿದ್ದಂತೆ ಚಿತ್ರ ಗಕ್ಕನೆ ನಿಂತು, ದನಿ ತುಂಡುತುಂಡಾಗಿ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ನಾನು ಕಂಪ್ಯೂಟರ್ ವಿಭಾಗದವನಿಗೆ ಫೋನ್ ಮಾಡಿದೆ. ಆತ ದೂರದಿಂದಲೇ ನನ್ನ ಲ್ಯಾಪ್‌ಟಾಪಿನೊಳಗೆ ಹೊಕ್ಕು, ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯೊಂದನ್ನು ತೆರೆದು, ಎಲ್ಲಿಂದಲೋ ನಾಲ್ಕಾರು ಸಾಲು ತಂದು ಅಂಟಿಸಿ, ಹೋ ಗಯಾ ಮೇಡಂ ಎಂದು ಫೋನ್ ಇಟ್ಟ. ಲ್ಯಾಪ್‌ಟಾಪಿನ ಪಾಸ್‌ವರ್ಡನ್ನೂ ಹೇಳಿಬಿಟ್ಟ, ಪದೇ ಪದೇ ತನಗೆ ಫೋನ್ ಮಾಡದಿರಲಿ ಎಂದು.

ಅವನು ಕೈ ಹಾಕಿದ ಮೇಲೆ ತಡವರಿಕೆ ಹೋಗಲಿಲ್ಲ, ಹೊಸದೊಂದು ಪೀಡೆ ಬಂದು ಸೇರಿಕೊಂಡಿತು. ಈಗ ಕೆಲವೊಮ್ಮೆ ಸಂಪರ್ಕ ಪೂರ್ತಿ ಕಡಿದುಹೋಗುತ್ತಿತ್ತು. ಬರೀ ಕಡಿಯುವುದಲ್ಲ, ವೈಫೈ ಪಟ್ಟಿ ತೆರೆದು ನೋಡಿದರೆ ಮೇಲಿನ ಮನೆಯದು, ಕೆಳಗಿನ ಮನೆಯದು, ಎದುರಿನ ಟಿಫಿನ್ ಸೆಂಟರಿನದು ಎಲ್ಲ ಕಾಣುತ್ತಿತ್ತು, ನಮ್ಮ ಮನೆಯದೊಂದನ್ನು ಬಿಟ್ಟು. ನಮ್ಮ ಹಾಲ್‌ನಲ್ಲೇ ಇರುವ ರೌಟರ್ ನನ್ನ ಲ್ಯಾಪ್‌ಟಾಪಿಗೆ ಕಾಣುತ್ತಿರಲಿಲ್ಲ. ಕೈಯಲ್ಲಿದ್ದ ಮೊಬೈಲಿಗೆ ಅದೇ ರೌಟರ್ ಕಾಣುತ್ತಿತ್ತು, ನೆಟ್ ಕೂಡ ಬರುತ್ತಿತ್ತು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಕೇಬಲ್‌ನವನನ್ನು ಕರೆಸಿದೆ. ಆತ ತನ್ನ ಮೊಬೈಲ್ ತೆಗೆದು ಹಾಲ್‌ನ ನಡುವೆ ನಿಂತು ವಿಡಿಯೋ ಓಡಿಸಿ ತೋರಿಸಿದ. ನೋಡಿ ಮೇಡಂ, ನಮ್ಮ ಲೈನು ಚೆನ್ನಾಗಿದೆ, ನಿಮ್ಮ ಲ್ಯಾಪ್‌ಟಾಪೇ ಸರಿಯಿಲ್ಲ, ಅದೂ ಇದೆಂಥದ್ದೋ ಯಾರೂ ಬಳಸದ ಸಾಫ್ಟ್‌ವೇರು ಎಂದ. ಲ್ಯಾಪ್‌ಟಾಪ್ ಹೊತ್ತುಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿ ಅದು ದಿನವಿಡೀ ಒಂದು ಸಲವೂ ಕಡಿಯಲಿಲ್ಲ. ಕಂಪ್ಯೂಟರ್ ವಿಭಾಗದವನು ನಗುತ್ತ, ಲ್ಯಾಪ್‌ಟಾಪ್ ಚೆನ್ನಾಗಿದೆ ಮೇಡಂ, ನಿಮ್ಮ ಮನೆಯ ಲೈನೇ ಸರಿಯಿಲ್ಲ ಎಂದ. ಇವನು ಅವನ ಮೇಲೆ ಹಾಕಿದ, ಅವನು ಇವನ ಮೇಲೆ ಹಾಕಿದ, ಇಬ್ಬರೂ ಕೈ ತೊಳೆದುಕೊಂಡರು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ದುಡಿಯುವ ನನ್ನ ಗಂಡ ಬೆಳಿಗ್ಗೆ ಬಸ್ಸಿಗೆ ಓಡುವ ಅವಸರದಲ್ಲಿ, ಆ ಲಿನಕ್ಸ್ ತೆಗೆದು ಬಿಸಾಕು, ಎಲ್ಲರೂ ಬಳಸೋದನ್ನ ಹಾಕ್ಸು ಎಂದ. ಥೆರಪಿ ಪ್ರೋಗ್ರಾಂ ಅದರಲ್ಲಿ ನಡೆಯುವುದಿಲ್ಲ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು.

ಕೊನೆಗೆ ನಾನೇ ಓದಲು ಕುಳಿತೆ. ಲಿನಕ್ಸ್ ಬಳಸುವವರು ಇಂಟರ್ನೆಟ್ಟಿನ ಚರ್ಚೆಗಳಲ್ಲಿ ಬರೆಯುವುದನ್ನು ಓದುವುದೆಂದರೆ ಅದೇ ಒಂದು ಶಿಕ್ಷೆ. ಒಬ್ಬ ಕೇಳಿರುತ್ತಾನೆ, ಇನ್ನೊಬ್ಬ ಮೊದಲು ಹುಡುಕಿ ನೋಡಿ ಆಮೇಲೆ ಕೇಳು ಎಂದು ಗದರಿರುತ್ತಾನೆ, ಮೂರನೆಯವನು ನನ್ನದು ಸರಿಹೋಯಿತು ಎಂದಷ್ಟೇ ಬರೆದು, ಹೇಗೆ ಸರಿಹೋಯಿತೆಂದು ಹೇಳದೆ ಮಾಯವಾಗಿರುತ್ತಾನೆ. ಆ ಮೂರನೆಯವನು ಕೈಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೂ ಹಲ್ಲು ಕಚ್ಚಿ ಓದಿ, ಒಂದು ವಿಷಯ ಹಿಡಿದೆ. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪ್ ತನ್ನ ವೈಫೈ ಚಿಪ್ಪಿಗೆ ನಡುನಡುವೆ ತೂಕಡಿಸಲು ಬಿಡುತ್ತದೆ. ನಾನು ಸುಮ್ಮನಿದ್ದು ಕಾಕಾನ ಮಾತಿಗೆ ಕಾಯುವ ಹೊತ್ತಿನಲ್ಲೇ ಅದು ತೂಕಡಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ ಆ ಉಳಿತಾಯವನ್ನು ನಿಲ್ಲಿಸಿದೆ. ತಂಗಿಗೆ ಕರೆ ಮಾಡಿ ಗಂಟೆಗಟ್ಟಲೆ ಹರಟಿದೆ, ಒಂದು ಸಲವೂ ಚಿತ್ರ ನಿಲ್ಲಲಿಲ್ಲ. ಗೆದ್ದೆ ಅಂದುಕೊಂಡೆ.

ಮಾರನೆಯ ದಿನ ಕಾಕಾನ ಪಾಠ. ಚಿತ್ರ ಸ್ವಚ್ಛವಾಗಿತ್ತು. ಬಾಚಣಿಗೆಯ ಚಿತ್ರ ತೋರಿಸಿದೆ. ಅವರು ಬಾಯಿ ತೆರೆದರು, ಕುತ್ತಿಗೆಯ ನರ ಉಬ್ಬಿತು, ಮಾತಿಲ್ಲ. ಇಷ್ಟು ಹೊತ್ತು ಅಲುಗದೆ ಇದ್ದಾರೆಂದರೆ ಮತ್ತೆ ನೆಟ್ಟೇ ಕೈಕೊಟ್ಟಿತೆಂದು ನನಗೆ ಅನಿಸಿತು. ಹಲೋ, ಹಲೋ ಕಾಕಾ, ಕೇಳಸ್ತೈತೇನ್ರಿ ಎಂದು ಕೂಗಿದೆ. ಕೂಗಿದ ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಎಲ್ಲ ಕಡಿದುಹೋಯಿತು. ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೇ ಇಲ್ಲ. ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು.

ಆಗಲೇ ಮೊಬೈಲಿಗೆ ಕಾಕಾನ ಮಗಳ ಫೋನ್ ಬಂತು. ಆಕೆ ಅಂಗನವಾಡಿ ಟೀಚರ್, ತಂದೆಯನ್ನು ಪಾಠಕ್ಕೆ ಕೂರಿಸುತ್ತಿದ್ದವಳು ಅವಳೇ. ದನಿ ಕುಗ್ಗಿತ್ತು.

"ಮೇಡಂರಿ, ಅಪ್ಪ ಇನ್ನ ಕೂಡಂಗಿಲ್ಲ ಅನ್ನಾಕತ್ತಾರ. ಕೈಲೆ ತೋರಸ್ತಾರ. ತಾ ಮಾತಾಡಾಕ ಹೋದಾಗೆಲ್ಲ ಮೇಡಂ ಗೊಂಬಿ ಹಂಗ ನಿಂತಬಿಡತಾರ, ನನ್ನ ಮಾತು ಯಾರಿಗೂ ತಿಳಿಯಂಗಿಲ್ಲ, ಅದಕ್ಕ ಬಿಟ್ಟ ಹೋಗತಾರ ಅಂತ."

ಇಷ್ಟು ದಿನವೂ ಅವರು ಕಂಡದ್ದು ಅದನ್ನೇ. ಅವರು ಜೀವ ತೇಯ್ದು ಬಾಯಿ ತೆರೆಯುವುದು, ಆಗ ನಾನು ಪರದೆಯ ಮೇಲೆ ಕಲ್ಲಾಗುವುದು, ಆಮೇಲೆ ಹೇಳದೆ ಕೇಳದೆ ಮಾಯವಾಗುವುದು. ವೈಫೈ, ರೌಟರು ಅವರಿಗೇನು ಗೊತ್ತು? ತಪ್ಪೆಲ್ಲ ತಮ್ಮ ನಾಲಿಗೆಯದೇ ಎಂದುಕೊಂಡಿದ್ದಾರೆ. ಲಕ್ವಾ ಮಾಡಿದ್ದು ಸಾಲದೆಂದು ನಾವು ಕೂಡ ಸೇರಿ ಆ ಮನುಷ್ಯನಿಗೆ ನಿನ್ನ ಮಾತು ಯಾರಿಗೂ ಬೇಡ ಎಂದು ಕಲಿಸಿದ್ದೆವು. ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಆ ಸಿಟ್ಟಿನಲ್ಲೇ ಬಾಗಿಲು ದೂಡಿ ಹಾಲ್‌ಗೆ ಬಂದರೆ ಅತ್ತೆ ರೌಟರಿನ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಏನು ಮಾಡಾಕತ್ತೀರಿ ಎಂದು ಕೇಳಿದೆ.

"ನೀ ಒಳಗ ಹಲೋ ಹಲೋ ಅನ್ನಾಕತ್ತಿದ್ದೆಲ್ಲ. ಹಂಗಾದಾಗ ಬಂದ್ ಮಾಡಿ ಚಾಲೂ ಮಾಡ್ರಿ ಅಂತ ಕೇಬಲ್‌ದಾವ ಲೈನ್ ಹಾಕಿದಾಗನ ಹೇಳ್ಯಾನ. ನಾ ಯಾವಾಗ್ಲೂ ಮಾಡತೀನಿ."

ಯಾವಾಗ್ಲೂ. ಪಾಠ ಶುರುವಾಗುವ ಮುಂಚೆ ಒಮ್ಮೆ, ನೆಟ್ ತಾಜಾ ಇರಲೆಂದು. ನಾನು ಹಲೋ ಎಂದಾಗಲೆಲ್ಲ ಒಮ್ಮೆ, ಸೊಸೆಯ ಕೆಲಸ ಕೆಡಬಾರದೆಂದು. ನನಗೆ ಹೇಳಿರಲಿಲ್ಲ, ಹೇಳುವಂಥ ವಿಷಯವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರೇನು ಕೇಳಿಕೊಂಡು ಸುಮ್ಮನಿರುವವರಲ್ಲ. ನಿನ್ನ ಸಲುವಾಗಿ ಮಾಡಿದರ ನನಗೇ ಬೈತಿ, ಇನ್ನ ನಾ ಆ ಡಬ್ಬಿ ಮುಟ್ಟಂಗಿಲ್ಲ ಎಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದರು.

ಕಾರಣ ಸಿಕ್ಕಿತು, ಇನ್ನು ತಲೆನೋವಿಲ್ಲ ಎಂದು ಕೋಣೆಗೆ ವಾಪಸು ಬಂದೆ. ಲ್ಯಾಪ್‌ಟಾಪ್ ನೋಡಿದರೆ ನಮ್ಮ ವೈಫೈ ಇನ್ನೂ ಕಾಣುತ್ತಿಲ್ಲ. ಅತ್ತೆ ರೌಟರ್ ಚಾಲೂ ಮಾಡಿ ಎಷ್ಟೋ ಹೊತ್ತಾಗಿತ್ತು. ಮೊಬೈಲು ಆಗಲೇ ಸೇರಿಕೊಂಡಿತ್ತು. ಆರಿಸಿ ಹೊತ್ತಿಸಿದ ದೀಪ ಎಲ್ಲರಿಗೂ ಕಾಣಬೇಕಲ್ಲ, ಇದೊಂದಕ್ಕೆ ಯಾಕೆ ಕಾಣುವುದಿಲ್ಲ? ಅತ್ತೆಯ ಮೇಲೆ ಹಾಕಿದ ತಪ್ಪಿನಲ್ಲಿ ಅರ್ಧ ಬೇರೆ ಯಾರದೋ ಆಗಿತ್ತು.

ಆಗ ಒಂದು ತೀರ್ಮಾನ ಮಾಡಿದೆ. ಇಷ್ಟು ದಿನ ಎಲ್ಲರೂ ಕೆಟ್ಟಾಗ ಸರಿಮಾಡಲು ಓಡುತ್ತಿದ್ದೆವು, ಸರಿಹೋದ ಕೂಡಲೇ ಮರೆಯುತ್ತಿದ್ದೆವು. ಇನ್ನು ಸರಿಮಾಡುವುದು ಬೇಡ, ಬೇಕೆಂದೇ ಕೆಡಿಸಿ ನೋಡೋಣ, ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ ಎಂದು. ಅದಕ್ಕೆ ಹಾಲ್‌ನಲ್ಲಿ ಒಬ್ಬರು ಬೇಕಿತ್ತು. ಅಡುಗೆಮನೆಗೆ ಹೋಗಿ, ಅತ್ತಿ, ಆ ಡಬ್ಬಿ ಬಂದ್ ಮಾಡಿ ಚಾಲೂ ಮಾಡಬೇಕಿತ್ತ, ಭಾಳ ಸಲ ಎಂದೆ. ಈಗಷ್ಟೇ ಮುಟ್ಟಬ್ಯಾಡ ಅಂದಿ ಎಂದು ಮುಖ ತಿರುಗಿಸಿದರು. ಕಾಕಾ ಪಾಠ ಬಿಟ್ಟ ವಿಷಯ ಹೇಳಿದೆ. ಅವರು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ರೌಟರಿನ ಪಕ್ಕ ಕುರ್ಚಿ ಎಳೆದು ಕುಳಿತರು.

ಅವರ ಕೈಗೆ ನನ್ನ ಮೊಬೈಲ್ ಕೊಟ್ಟೆ. ಸುತ್ತಲಿನ ವೈಫೈಗಳು ಯಾವ ಯಾವ ಚಾನೆಲ್ಲಿನಲ್ಲಿವೆ ಎಂದು ತೋರಿಸುವ ಆ್ಯಪನ್ನು ಆ ಚರ್ಚೆಗಳಲ್ಲಿ ಓದಿ ಅದರಲ್ಲಿ ಹಾಕಿಕೊಂಡಿದ್ದೆ. ವೈಫೈಗೆ ಗಾಳಿಯಲ್ಲಿ ಅಂಕಿ ಹಚ್ಚಿದ ದಾರಿಗಳಿರುತ್ತವೆ, ಅವೇ ಚಾನೆಲ್. ನಮ್ಮ ರೌಟರು ಪ್ರತಿ ಸಲ ಎದ್ದಾಗ ಸುತ್ತ ನೋಡಿ, ದಟ್ಟಣೆ ಕಡಿಮೆಯಿರುವ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಅತ್ತೆ ಬಂದ್ ಮಾಡಿ ಚಾಲೂ ಮಾಡುವುದು, ನಮ್ಮ ಮನೆಯ ಹೆಸರಿನ ಎದುರಿಗಿರುವ ಅಂಕಿಯನ್ನು ಕೂಗಿ ಹೇಳುವುದು, ಲ್ಯಾಪ್‌ಟಾಪಿಗೆ ಕಂಡಿತೋ ಇಲ್ಲವೋ ಎಂದು ನಾನು ಒಳಗಿನಿಂದ ಕೂಗುವುದು. ಒಂದು ಬಂದರೆ ಕಂಡಿತು. ಆರು ಬಂದರೂ ಕಂಡಿತು. ಹನ್ನೊಂದು, ಕಂಡಿತು. ಮುಂದಿನ ಸಲ ಹದಿಮೂರು ಎಂದು ಕೂಗಿದರು. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ನಮ್ಮ ಮನೆ ಇರಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಮತ್ತೆ ಮಾಡಿದೆವು. ಹದಿಮೂರು ಬಂದಾಗಲೆಲ್ಲ ಕಾಣುತ್ತಿರಲಿಲ್ಲ. ಅಪಾರ್ಟ್‌ಮೆಂಟಿನ ಎಲ್ಲ ಮನೆಗಳೂ ಒಂದು, ಆರು, ಹನ್ನೊಂದರಲ್ಲಿ ತುಂಬಿಕೊಂಡಿದ್ದವು. ನಮ್ಮ ರೌಟರು ಖಾಲಿ ಜಾಗ ಹುಡುಕಿ ಹದಿಮೂರಕ್ಕೆ ಓಡುತ್ತಿತ್ತು.

"ನಿನ್ನ ಲ್ಯಾಪ್‌ಟಾಪಿಗೆ ಹದಿಮೂರ ಬರಂಗಿಲ್ಲೇನ?" ಎಂದರು ಅತ್ತೆ.

ಬರುತ್ತಿರಲಿಲ್ಲ. ಹದಿಮೂರು ಇಲ್ಲಿ ಎಲ್ಲರೂ ಬಳಸಬಹುದಾದ ಚಾನೆಲ್, ಅಮೆರಿಕದಲ್ಲಿ ಸಾಮಾನ್ಯವಾಗಿ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಯಾವ ದೇಶದಲ್ಲಿದ್ದೇನೆಂದು ಲ್ಯಾಪ್‌ಟಾಪಿಗೆ ಹೇಳಿರುತ್ತಾರೋ ಆ ದೇಶದ ಕಾನೂನಿನಂತೆ ಅದು ಕೆಲವು ಚಾನೆಲ್ಲುಗಳನ್ನು ನೋಡಲೇ ಹೋಗುವುದಿಲ್ಲ. ಕಪ್ಪು ಕಿಟಕಿ ತೆರೆದು ನನ್ನದಕ್ಕೆ ಯಾವ ದೇಶ ಹೇಳಿದೆ ಎಂದು ಕೇಳಿದೆ. ಯು ಎಸ್ ಎಂದು ಬಂತು. ಕೂಕಟ್‌ಪಲ್ಲಿಯ ಮೂರನೇ ಮಹಡಿಯಲ್ಲಿ ಕೂತ ಲ್ಯಾಪ್‌ಟಾಪು ತಾನು ಅಮೆರಿಕದಲ್ಲಿದ್ದೇನೆಂದು ನಂಬಿಕೊಂಡಿತ್ತು. ಕಂಪ್ಯೂಟರ್ ವಿಭಾಗದವನು ಅಂಟಿಸಿಹೋಗಿದ್ದ ಸಾಲುಗಳಲ್ಲೇ ಅದಿತ್ತು.

ಅವನಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿಯೇ ಅವನು ಒಂದ್ಸಲ ರೀಸ್ಟಾರ್ಟ್ ಎಂದು ಶುರು ಮಾಡಿದ, ಬಾಯಿ ಮುಚ್ಚಿಸಿದೆ. ದೇಶ ಅಮೆರಿಕ ಎಂದು ಬರೆದದ್ದು ಯಾಕೆ ಎಂದು ಕೇಳಿದೆ.

"ಮೇಡಂ, ಫೋರಮ್ ಮೇ ಐಸಾ ಹೀ ಥಾ."

ಚರ್ಚೆಯ ಪುಟದಲ್ಲಿ ಹಾಗೇ ಇತ್ತಂತೆ. ಯಾವನೋ ಅಮೆರಿಕದವನು ತನ್ನ ಊರಿಗಾಗಿ ಬರೆದುಕೊಂಡ ಸಾಲನ್ನು ಓದದೆಯೇ ತಂದು ಅಂಟಿಸಿದ್ದ. ನನ್ನದೊಂದಕ್ಕೇನೋ ಎಂದರೆ, ಅಲ್ಲ, ದೂರು ಕೊಟ್ಟವರೆಲ್ಲರ ಲ್ಯಾಪ್‌ಟಾಪಿಗೂ. ಅವನಿಗೆ ಏನೇನು ಅಂದೆನೋ ಬರೆಯುವಂತಿಲ್ಲ. ಒಬ್ಬ ಮುದುಕ ಮಾತಾಡುವ ಆಸೆಯನ್ನೇ ಬಿಟ್ಟಿದ್ದಾನೆ, ನೀನು ಓದದೆ ಅಂಟಿಸಿದ ಎರಡು ಅಕ್ಷರಕ್ಕೆ ಎಂದೆ. ಅವತ್ತು ಸಂಜೆಯೊಳಗೆ ಎಲ್ಲ ಲ್ಯಾಪ್‌ಟಾಪುಗಳನ್ನೂ ತಿದ್ದಿಸಿದೆ, ನನ್ನದನ್ನು ನಾನೇ ತಿದ್ದಿಕೊಂಡೆ. ರೌಟರಿನ ಸೆಟ್ಟಿಂಗ್ ತೆಗೆದು, ಎದ್ದಾಗಲೆಲ್ಲ ದಾರಿ ಬದಲಿಸಬೇಡ ಎಂದು ಹದಿಮೂರಕ್ಕೇ ಗಟ್ಟಿ ಮಾಡಿದೆ. ಅಲ್ಲಿ ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಯಂತ್ರ ಸರಿಹೋಯಿತು, ಕಾಕಾನನ್ನು ಒಪ್ಪಿಸುವುದು ಉಳಿದಿತ್ತು. ಮಗಳಿಗೆ ಫೋನ್ ಮಾಡಿದರೆ, ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ರಾಯಚೂರು ಅಂದರೂ ಬಾಯಿ ಬಿಡುತ್ತಿಲ್ಲ ಎಂದಳು. ಫೋನನ್ನು ಅವರ ಕಿವಿಯ ಹತ್ತಿರ ಇಡಿಸಿ, ನಡೆದದ್ದನ್ನೆಲ್ಲ ಅವರ ವೃತ್ತಿಯ ಮಾತಿನಲ್ಲೇ ಹೇಳಿದೆ. ಕಾಕಾ, ಬಸ್ಸು ಸರಿ ಇತ್ತು, ಕಂಡಕ್ಟರೂ ಸರಿ ಇದ್ದ, ಕೆಟ್ಟಿದ್ದು ರಸ್ತೆ, ಆ ರಸ್ತೆ ನಮ್ಮ ಕಡೆಯದು, ನಿಂತದ್ದು ನಾನಲ್ಲ, ನನ್ನ ಚಿತ್ರ, ನಾ ಒಂದ ಸಲನೂ ಎದ್ದ ಹೋಗಿಲ್ಲ ಎಂದೆ. ಇನ್ನೊಂದು ಸಲ ಕೂರಿಸಿ ನೋಡುತ್ತೇನೆ ಎಂದು ಮಗಳೇ ಹೇಳಿದಳು.

ಪಾಠದ ದಿನ ಅವರು ಪರದೆಯ ಮುಂದೆ ಬಂದು ಕೂತರು. ನನ್ನತ್ತ ನೋಡಲಿಲ್ಲ. ಹಾಲ್‌ನಲ್ಲಿ ಅತ್ತೆ ರೌಟರಿಗೆ ಬೆನ್ನು ಮಾಡಿ ಕೂತಿದ್ದರು. ನಾನು ಛತ್ರಿಯ ಚಿತ್ರ ಹಾಕಿದೆ. ಕಾಕಾ ಅದನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಹಿಂದಿನ ಗೋಡೆಯ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾರೋ ತರಕಾರಿ ಮಾರುವುದೂ ನನಗೆ ಕೇಳುತ್ತಿತ್ತು, ಅಂದರೆ ಸಂಪರ್ಕದಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿರಲಿಲ್ಲ. ಈಗ ನಿಂತಿದ್ದು ಅವರ ಮಾತೇ. ಇನ್ನು ಯಾರನ್ನೂ ಬೈಯುವಂತಿರಲಿಲ್ಲ. ಆ ಮೌನ ಬೆಳೆಯಿತು, ಅವರ ಹಣೆಯ ಮೇಲೆ ಬೆವರು ಕಂಡಿತು. ನನ್ನ ಹಾಳು ಬಾಯಿ, ತಿಂಗಳುಗಟ್ಟಲೆಯ ರೂಢಿಯಲ್ಲಿ, ನಾನು ತಡೆಯುವ ಮೊದಲೇ ಅಂದುಬಿಟ್ಟಿತು, ಹಲೋ ಕಾಕಾ, ಕೇಳಸ್ತೈತೇನ್ರಿ ಎಂದು.

ಕಾಕಾ ತಲೆಯೆತ್ತಿದರು. ಎಡಗೈಯಿಂದ ಮೇಜಿನ ಮೇಲೆ ಬಲವಾಗಿ ಗುದ್ದಿದರು. ಕಣ್ಣು ಕೆಂಪಗಾಗಿದ್ದವು.

"ತಡಿಬೇ... ಹೇಳಾಕತ್ತೀನಿ."

ಮಗಳು ಪಕ್ಕದಿಂದ ಅಪ್ಪಾ ಎಂದು ಕೂಗಿದ್ದು ಕೇಳಿಸಿತು. ಯಾರೂ ಹೇಳಿಕೊಡದೆ, ಯಾವ ಊರಿನ ಹೆಸರಿನ ಆಸರೆಯೂ ಇಲ್ಲದೆ, ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಸ್ವಂತ ಮಾತು ಅದು, ನನ್ನನ್ನು ಗದರಿಸಿದ್ದು. ಛತ್ರಿಯ ಹೆಸರು ಅವತ್ತು ಕೊನೆಗೂ ಬರಲಿಲ್ಲ. ನಾನು ತುಟಿ ಬಿಗಿಹಿಡಿದು ಕಾಯುತ್ತ ಕೂತೆ.